ಯುದ್ಧ ಬೇಡವೆನ್ನುವವರು ಸೈನಿಕರ ಮನೆಯವರ ಜೊತೆ ನಿಲ್ಲುವ ಬಗೆ

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಊರುಗಳಲ್ಲಿ ಯುದ್ಧದ ವಿರುದ್ಧ ಮಾತನಾಡುವವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಗಡಿ ಕಾಯುವವರ ಮೇಲೆ ನಿಮಗೆ ಗೌರವವಿಲ್ಲವೇ?’ ಎಂಬುದು. ಇದಕ್ಕೆ ಸಿಟ್ಟಾಗಬೇಡಿ; ಕೇಳುವವರ ಮನೆಯಲ್ಲೇ ಮಿಲಿಟರಿಗೆ ಹೋದ ಮಗನೋ ಅಳಿಯನೋ ಇರಬಹುದು. ಯುದ್ಧವನ್ನು ತೀರ್ಮಾನಿಸುವವರು ಬೇರೆ, ಆದೇಶದಂತೆ ಹೋಗುವವರು ಬೇರೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿ, ನಿಮ್ಮ ವಿರೋಧ ತೀರ್ಮಾನದ ಬಗ್ಗೆ ಮಾತ್ರ ಎಂದು ಹೇಳಿ.

ಉದಾಹರಣೆಯನ್ನು ನಮ್ಮ ಜಿಲ್ಲೆಯಿಂದಲೇ ಕೊಡಬಹುದು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಅವರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಒಬ್ಬರೇ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಿಯಾಚಿನ್‌ನಲ್ಲಿ 2003ರ ನವೆಂಬರ್‌ನಿಂದಲೇ ಕದನವಿರಾಮವಿತ್ತು. 1984ರಿಂದ ಭಾರತ, ಪಾಕಿಸ್ತಾನ ಎರಡೂ ದೇಶಗಳ ಸೈನ್ಯ ಬೀಡುಬಿಟ್ಟಿರುವ ಆ ಹಿಮನದಿ ಪ್ರದೇಶದಲ್ಲಿ ಗುಂಡಿಗಿಂತ ಚಳಿಗೂ ಹಿಮಪಾತಕ್ಕೂ ಬಲಿಯಾದವರೇ ಹೆಚ್ಚು. ‘ನಾವು ಇಳಿದರೆ ಅವರು ಹತ್ತುತ್ತಾರೆ’ ಎಂಬ ಆತಂಕ ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳಿ. ಅದಕ್ಕಾಗಿಯೇ ಇಬ್ಬರೂ ಒಟ್ಟಿಗೆ ಇಳಿಯುವ ಒಪ್ಪಂದವನ್ನು ಕೇಳುತ್ತಿದ್ದೇವೆ ಎನ್ನಿ. ಹಾಗೆ ಕೇಳುವುದರಿಂದ ಹನುಮಂತಪ್ಪನವರ ಸಾವು ಕಿರಿದಾಗುವುದಿಲ್ಲ.

ದೇಶಭಕ್ತಿಯ ಮಾತು ಬಂದಾಗಲೂ ಹಿಂಜರಿಯಬೇಕಿಲ್ಲ. 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಗೆ ನಡೆದ ಮೈಲಾರ ಮಹಾದೇವಪ್ಪನವರು ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನವರು. ದೇಶದ ಬಾವುಟವನ್ನು ನೇಯ್ದು ಹೊಲಿಯುವ ಖಾದಿ ಸಂಘ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ, ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆಗಸ್ಟ್ 15ಕ್ಕೆ ಬಾವುಟ ಕೊಳ್ಳುವುದಿದ್ದರೆ ಆ ಖಾದಿಯನ್ನೇ ಕೊಳ್ಳಿ.

ಆದರೆ ವಾದ ಗೆಲ್ಲುವುದಕ್ಕಿಂತ ಕೆಲಸಕ್ಕೆ ಬರುವುದು ಮುಖ್ಯ. ಮಾಜಿ ಸೈನಿಕರೂ ಸೈನಿಕರ ವಿಧವೆಯರೂ ಪಿಂಚಣಿ ಮುಂದುವರಿಯಲು ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಬೇಕು. ಈಗ ಅದು ಬಹುಪಾಲು ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಹೊಲದಲ್ಲಿ ಕಳೆ ತೆಗೆದು ಸವೆದ ಬೆರಳನ್ನು ಯಂತ್ರ ಗುರುತಿಸದೆ, ಮುದುಕಿಯನ್ನು ‘ನಾಳೆ ಬಾ’ ಎಂದು ಕಳಿಸಿದರೆ ಅವರ ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಹೋಗುತ್ತದೆ. ಮೊಬೈಲ್‌ನಲ್ಲಿ ಮುಖ ಗುರುತಿಸಿ ಪ್ರಮಾಣಪತ್ರ ಪಡೆಯುವ ಸೌಲಭ್ಯವೂ ಇರುವುದರಿಂದ ಅವರ ಮನೆಗೇ ಹೋಗಿ, ಬೆಳಕಿರುವ ಪಡಸಾಲೆಯಲ್ಲಿ ಕೂರಿಸಿ ಅದನ್ನು ಮಾಡಿಕೊಡಿ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಪಿಂಚಣಿ ದಾಖಲೆಗೆ ಹೊಂದುತ್ತವೆಯೇ ಎಂದು ಆಗಲೇ ನೋಡಿಬಿಡಿ.

ಸೇವೆಯಲ್ಲಿರುವವರು ಸೂಟಿಗೆ ಬಂದಾಗ, ಮದುವೆಯೂ ಮಕ್ಕಳ ಜನನವೂ ಸೈನ್ಯದ ಅಧಿಕೃತ ದಾಖಲೆಯಾದ ‘ಪಾರ್ಟ್ ಟೂ ಆರ್ಡರ್’ನಲ್ಲಿ ದಾಖಲಾಗಿವೆಯೇ ಎಂದು ವಿಚಾರಿಸಿ. ಇದು ಬಿಟ್ಟುಹೋದರೆ ಮುಂದೆ ಕುಟುಂಬ ಪಿಂಚಣಿಗೆ ಹೆಂಡತಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ತೊಡಕು ಬಂದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಅವರ ಜೊತೆಗೇ ಹೋಗಿ, ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

1949ರಿಂದ ಡಿಸೆಂಬರ್ 7ರಂದು ಆಚರಿಸುವ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಗೂ ನಿಸ್ಸಂಕೋಚವಾಗಿ ಕೊಡಬಹುದು; ಆ ಹಣ ಗಾಯಾಳುಗಳಿಗೆ, ವಿಧವೆಯರಿಗೆ ಮತ್ತು ಮಾಜಿ ಸೈನಿಕರಿಗೆ ಹೋಗುತ್ತದೆಯೇ ಹೊರತು ಆಯುಧಕ್ಕಲ್ಲ.

ಗಡಿಯಲ್ಲಿ ಕಾವೇರಿದ ದಿನಗಳಲ್ಲಿ ಓಣಿಯ ವಾಟ್ಸ್ಆ್ಯಪ್ ಗುಂಪಿಗೆ ಬರುವ ದಾಳಿಯ ವಿಡಿಯೋಗಳನ್ನು ಮುಂದೆ ಕಳಿಸಬೇಡಿ. ಮಗ ಎಲ್ಲಿದ್ದಾನೆಂದು ತಿಳಿಯದ ತಾಯಿಯೂ ಅದೇ ಗುಂಪಿನಲ್ಲಿರುತ್ತಾಳೆ. ಅವರ ಮನೆಗೆ ಹೋದಾಗ ಯುದ್ಧದ ಸರಿ-ತಪ್ಪಿನ ಚರ್ಚೆ ಎತ್ತದೆ, ಫೋನ್ ಬಂತೇ ಎಂದು ಕೇಳಿ. ದವಾಖಾನೆ, ಬ್ಯಾಂಕು, ಸಂತೆಯ ಕೆಲಸವೇನಾದರೂ ಬಾಕಿಯಿದ್ದರೆ ಮಾಡಿಕೊಟ್ಟು ಬನ್ನಿ.