ಅಡಿಕೆ ನೋಡುವ ಕಣ್ಣು ಅಂಗಡಿಯಲ್ಲಿ ಉಳಿದ ಬಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮ ಕುಟುಂಬದ ಅಡಿಕೆ ಖರೀದಿ ಅಂಗಡಿ ಇದೆ, ಪೆರ್ಲದಲ್ಲಿ ಅದರದೇ ಒಂದು ಚಿಕ್ಕ ಶಾಖೆ. ಮುಳ್ಳೇರಿಯದಲ್ಲಿ ಮೂರನೆಯದನ್ನು ತೆರೆಯುವ ಮಾತು ಮನೆಯಲ್ಲಿ ನಡೆಯುತ್ತಿದ್ದಾಗಲೇ, ಗೋಣಿ ಬಿಚ್ಚಿ ಅಡಿಕೆ ನೋಡಿ ದರ ಹೇಳುವ ನಮ್ಮ ಹಿರಿಯರು ಇನ್ನು ವಿಶ್ರಾಂತಿ ಬೇಕು ಎಂದರು. ಅಂಗಡಿಯಲ್ಲಿ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುವುದು. ನನ್ನ ತಂದೆಯ ಕಾಲದಿಂದಲೂ ದರದ ಕೊನೆಯ ಮಾತು ಅವರದೇ. ನಾನು ಆಗ ಅಂಗಡಿಯ ಕೆಲಸದ ಜೊತೆಗೆ ವ್ಯವಹಾರ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೆ, ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದೆ. ವಿಷಯ ಎದುರಿಗೇ ಕುಳಿತಿತ್ತು. ಒಬ್ಬರ ಕೈ, ಕಣ್ಣು, ಕಿವಿಗಳಲ್ಲಿರುವ ತಿಳಿವಳಿಕೆ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ? ಅದು ದಾಟುವ ಮೊದಲೇ ಶಾಖೆ ತೆರೆಯುವಂಥ ದೊಡ್ಡ ನಿರ್ಧಾರ ಮಾಡಬಹುದೆ?

ಅಡಿಕೆ ವ್ಯಾಪಾರ ತಿಳಿಯದವರಿಗಾಗಿ ಸ್ವಲ್ಪ ಹೇಳಬೇಕು. ನಮ್ಮ ಕಡೆ ಹಣ್ಣಡಿಕೆಯನ್ನು ಸುಮಾರು ನಲವತ್ತು ದಿನ ಅಂಗಳದಲ್ಲಿ ಒಣಗಿಸಿ, ಸುಲಿದು ಚಾಲಿ ಮಾಡುತ್ತಾರೆ. ಅಂಗಡಿಗೆ ಬಂದ ಗೋಣಿಯಲ್ಲಿ ಹೊಸ ಅಡಿಕೆ ಎಷ್ಟು, ಹಳೆಯದು ಎಷ್ಟು, ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆ ಎಷ್ಟು ಬೆರೆತಿದೆ ಎಂಬುದರ ಮೇಲೆ ದರ ನಿಲ್ಲುತ್ತದೆ. ದಿನದ ಮಾರುಕಟ್ಟೆ ದರ ಯಾರಿಗೂ ಗುಟ್ಟಲ್ಲ. 1973ರಲ್ಲಿ ಶುರುವಾದ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊದ ದರ ಬೆಳಿಗ್ಗೆಯೇ ಕೃಷಿಕರ ಮೊಬೈಲಿಗೆ ಬಂದಿರುತ್ತದೆ. ಖಾಸಗಿ ವ್ಯಾಪಾರಿ ಉಳಿಯುವುದು ಅಥವಾ ಮುಳುಗುವುದು ಗೋಣಿಯೊಳಗೆ ನಿಜವಾಗಿ ಏನಿದೆ ಎಂದು ಅಂದಾಜಿಸುವುದರಲ್ಲಿ. ಹೊರಗೆ ಬೆಳ್ಳಗೆ ಕಾಣುವ ಅಡಿಕೆಯನ್ನು ಅಡಕತ್ತರಿಯಲ್ಲಿ ತುಂಡು ಮಾಡಿದಾಗ ಒಳಗೆ ಕಪ್ಪಾಗಿರಬಹುದು. ಗೋಣಿಯ ಮೇಲ್ಭಾಗ ಒಣಗಿದ್ದು ತಳದಲ್ಲಿ ತೇವ ಉಳಿದಿರಬಹುದು. ಇಲ್ಲಿ ತಪ್ಪಿದ ಅಂದಾಜು ನಾವು ಅಡಿಕೆ ಕಳುಹಿಸುವ ಗುಜರಾತಿನ ಗೋದಾಮಿನಲ್ಲಿ ಲೋಡ್ ಇಳಿಸುವಾಗ ಬಯಲಾಗುತ್ತದೆ, ನಷ್ಟ ನಮ್ಮದೇ.

ಅಣ್ಣನನ್ನು ಕೇಳಿದರೆ ಸಿಗುವ ಉತ್ತರ ಒಂದೇ: "ನೋಡಿದರೆ ಗೊತ್ತಾಗುತ್ತದೆ." ಹಳಬರು ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಪೇಟೆಯಲ್ಲಿ ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ತತ್ವಚಿಂತಕ ಮೈಕಲ್ ಪೊಲಾನ್ಯಿ 1966ರಲ್ಲೇ ಬರೆದಂತೆ, ಮನುಷ್ಯನಿಗೆ ಹೇಳಲು ಆಗುವುದಕ್ಕಿಂತ ಹೆಚ್ಚು ತಿಳಿದಿರುತ್ತದೆ. ನಮ್ಮ ತೋಟಗಳಲ್ಲೇ ಇದಕ್ಕೆ ಉದಾಹರಣೆ ಇದೆ. ಮಹಾಳಿ ಎಂಬ ಅಡಿಕೆಯ ಕೊಳೆರೋಗಕ್ಕೆ ಬಿಡುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಈ ಲೆಕ್ಕ ಚೀಟಿಯಲ್ಲಿ ಬರೆದರೆ ಯಾರಿಗಾದರೂ ತಲುಪುತ್ತದೆ. ಮಳೆಗಾಲದ ನಡುವೆ ಯಾವ ಬಿಡುವಿನಲ್ಲಿ ಮದ್ದು ಬಿಟ್ಟರೆ ಗೊನೆಗೆ ಹಿಡಿಯುತ್ತದೆ ಎಂಬುದು ಚೀಟಿಗೆ ಇಳಿಯುವುದಿಲ್ಲ. ಅಣ್ಣನಲ್ಲಿದ್ದದ್ದು ಈ ಎರಡನೆಯ ಜಾತಿಯ ತಿಳಿವಳಿಕೆ.

ಓದಿದ್ದರಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಗೇಬ್ರಿಯಲ್ ಶುಲಾನ್ಸ್ಕಿ 1996ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದೇ ಸಂಸ್ಥೆಯ ಒಂದು ವಿಭಾಗದಲ್ಲಿರುವ ಒಳ್ಳೆಯ ಕ್ರಮ ಇನ್ನೊಂದು ವಿಭಾಗಕ್ಕೆ ಏಕೆ ದಾಟುವುದಿಲ್ಲ ಎಂದು ಅವರು ಎಂಟು ಕಂಪನಿಗಳಲ್ಲಿ ನಡೆದ 122 ವರ್ಗಾವಣೆಗಳನ್ನು ಇಟ್ಟುಕೊಂಡು ಹುಡುಕಿದರು. ಕೊಡುವವರಿಗೆ ಮನಸ್ಸಿಲ್ಲ, ಪಡೆಯುವವರಿಗೆ ಆಸಕ್ತಿಯಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಅವರಿಗೆ ಕಂಡ ಮುಖ್ಯ ತೊಡಕುಗಳು ಬೇರೆಯೇ ಆಗಿದ್ದವು. ಪಡೆಯುವವರಲ್ಲಿ ಅದನ್ನು ಅರಗಿಸಿಕೊಳ್ಳುವಷ್ಟು ಹಿಂದಿನ ತಿಳಿವಳಿಕೆ ಇರಲಿಲ್ಲ, ಯಾವ ಕಾರಣಕ್ಕೆ ಆ ಕ್ರಮ ಫಲ ಕೊಡುತ್ತಿದೆ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ, ಇಬ್ಬರ ನಡುವಿನ ಸಂಬಂಧ ಸರಾಗವಾಗಿರಲಿಲ್ಲ. ನಮ್ಮ ಅಂಗಡಿಗೆ ಈ ಮೂರೂ ಅನ್ವಯಿಸುತ್ತಿದ್ದವು. ಕಲಿಯಬೇಕಾಗಿದ್ದ ಇಬ್ಬರು ಹುಡುಗರು ಬಿಕಾಂ ಓದಿದವರು. ಲೆಕ್ಕದಲ್ಲಿ ಗಟ್ಟಿಗರು, ಆದರೆ ಒಬ್ಬನ ಮನೆಯಲ್ಲಿ ಅಡಿಕೆ ತೋಟವೇ ಇಲ್ಲ. ಅಣ್ಣ ಅವರೊಡನೆ ಮಾತನಾಡುತ್ತಿದ್ದದ್ದು ಗೋಣಿ ಎತ್ತಿಸುವಾಗ ಮಾತ್ರ.

ಆದ್ದರಿಂದ ಬರವಣಿಗೆಯಿಂದ ಆರಂಭಿಸಲಿಲ್ಲ. ಸುಲಿಯುವ ಹಂಗಾಮು ಶುರುವಾಗುವ ಮೊದಲೇ ಇಬ್ಬರನ್ನೂ ಕೃಷಿಕರ ಅಂಗಳಕ್ಕೆ ಕಳುಹಿಸಿದೆ. ಹರಡುವುದು, ಮಗುಚುವುದು, ಅಡಿಕೆ ಯಾವ ದಿನಕ್ಕೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ನೋಡುವುದು, ಸಿಪ್ಪೆಗೋಟನ್ನು, ಅಂದರೆ ಇನ್ನೂ ಸುಲಿಯದ ಒಣ ಅಡಿಕೆಯನ್ನು, ಕೈಯಲ್ಲಿ ಹಿಡಿದು ಅಲುಗಿಸುವುದು. ಕೋಹೆನ್ ಮತ್ತು ಲೆವಿಂತಾಲ್ 1990ರಲ್ಲಿ ವಿವರಿಸಿದ ಗ್ರಹಣ ಸಾಮರ್ಥ್ಯವೆಂದರೆ ಇದೇ ಎಂದು ನಾನು ತಿಳಿದಿದ್ದೇನೆ. ಹೊಸದು ಅಂಟಿಕೊಳ್ಳಲು ಮೊದಲೇ ಅದಕ್ಕೆ ಸಂಬಂಧಪಟ್ಟದ್ದು ಏನಾದರೂ ಒಳಗೆ ಇರಬೇಕು. ಹಾಗೆ ಹೋಗಿ ಬಂದ ಮೇಲೆ ಹುಡುಗರ ಪ್ರಶ್ನೆಗಳೇ ಬದಲಾದವು. "ಇದು ಯಾವ ದರ್ಜೆ ಅಣ್ಣ?" ಎನ್ನುತ್ತಿದ್ದವರು "ಇದಕ್ಕೆ ಮಧ್ಯದಲ್ಲಿ ಮಳೆ ತಾಗಿದೆಯಾ ಅಣ್ಣ?" ಎಂದು ಕೇಳತೊಡಗಿದರು. ಆ ಪ್ರಶ್ನೆಗೆ ಅಣ್ಣ ತಲೆ ಎತ್ತಿ ನೋಡಿದ್ದನ್ನು ನಾನು ಕಂಡಿದ್ದೇನೆ. ಸಂಬಂಧ ಸರಾಗವಾದದ್ದು ಅಲ್ಲಿಂದ. ಅದಕ್ಕಾಗಿ ಬೇರೆ ಪ್ರಯತ್ನ ಏನೂ ಬೇಕಾಗಲಿಲ್ಲ.

ಎರಡನೆಯ ಹೆಜ್ಜೆ ಬೇರೆ ಬೇರೆಯಾಗಿ ದರ ಬರೆಯುವುದು. ಒಬ್ಬ ಕೃಷಿಕರು ಒಮ್ಮೆಗೆ ತಂದ ಅಡಿಕೆಗೆ ಲಾಟ್ ಎನ್ನುತ್ತೇವೆ. ಒಂದೇ ಲಾಟ್ ಅನ್ನು ಅಣ್ಣ ಮತ್ತು ಇಬ್ಬರು ಹುಡುಗರು ಪ್ರತ್ಯೇಕವಾಗಿ ನೋಡಿ, ಮಾತನಾಡದೆ, ಚೀಟಿಯಲ್ಲಿ ಯಾವ ದರ್ಜೆಯ ಪಾಲು ಎಷ್ಟು ಎಂದೂ ದರವನ್ನೂ ಬರೆದು ಮಡಚಿ ನನಗೆ ಕೊಡಬೇಕು. ಮೂವರ ಅಂಕೆಯೂ ಒಂದೇ ಆಗಿದ್ದ ಲಾಟಿನ ಬಗ್ಗೆ ಚರ್ಚೆಯೇ ಇಲ್ಲ. ವ್ಯತ್ಯಾಸ ಬಂದದ್ದನ್ನು ಮಾತ್ರ ಮಧ್ಯಾಹ್ನದ ಊಟವಾದ ಮೇಲೆ ಮತ್ತೆ ಬಿಚ್ಚಿ ತುಂಡು ಮಾಡಿ ನೋಡುವುದು. ಈ ಕ್ರಮವನ್ನು ಯಾರು ಅಳವಡಿಸಿಕೊಳ್ಳಬೇಕೆಂದರೂ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಹಿರಿಯರ ಚೀಟಿಯನ್ನು ಕೊನೆಯಲ್ಲಿ ತೆರೆಯಬೇಕು. ಮೊದಲು ತೆರೆದರೆ ಕಿರಿಯರು ತಮ್ಮ ಕಣ್ಣಿಗೆ ಕಂಡದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ.

ಮೂರನೆಯದು ಸಂದರ್ಶನ, ಪ್ರಬಂಧದ ತಿರುಳೂ ಅದೇ. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಅಗ್ನಿಶಾಮಕ ದಳದ ಮುಖ್ಯಸ್ಥರು ಬೆಂಕಿಯ ನಡುವೆ ಹೇಗೆ ನಿರ್ಧಾರ ಮಾಡುತ್ತಾರೆಂದು ಅಭ್ಯಾಸ ಮಾಡಿದವರು. ಅವರಿಗೆ ಕಂಡದ್ದು ಇಷ್ಟು: ಅನುಭವಿಗಳು ಹಲವು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವುದು ಕಡಿಮೆ. ಪರಿಸ್ಥಿತಿಯ ಗುರುತು ಹಿಡಿಯುತ್ತಾರೆ, ಹೊಳೆದ ಮೊದಲ ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡುತ್ತಾರೆ, ಸರಿ ಕಂಡರೆ ಹೊರಡುತ್ತಾರೆ. ಇಂಥವರಿಂದ ವಿಷಯ ತೆಗೆಯಲು "ನೀವು ಹೇಗೆ ನಿರ್ಧಾರ ಮಾಡುತ್ತೀರಿ?" ಎಂದು ಕೇಳಬಾರದು. ನಡೆದುಹೋದ ಒಂದು ಘಟನೆಯನ್ನು ಹಿಡಿದು, ಆಗ ಏನು ಕಂಡಿತು, ಅದರ ಮುಂಚೆ ಏನಾಗಿತ್ತು, ಅದೊಂದು ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಹೆಜ್ಜೆ ಹೆಜ್ಜೆಯಾಗಿ ಕೇಳಬೇಕು.

ಹೀಗೆ ಕೇಳಿದಾಗ ಅಣ್ಣ ಒಂದು ಲಾಟ್ ನೆನಪಿಸಿಕೊಂಡರು. ನೋಡಲು ಚೆನ್ನಾಗಿತ್ತು, ಕೈಗೆ ಭಾರವೂ ಸರಿಯಿತ್ತು, ತುಂಡು ಮಾಡಿದ ನಾಲ್ಕಾರು ಅಡಿಕೆಯೂ ಶುದ್ಧ. ಆದರೂ ಅವರು ಮೇಲಿನ ದರ್ಜೆಯ ದರ ಕೊಟ್ಟಿರಲಿಲ್ಲ. ಯಾಕೆ?

"ಅವರ ಅಂಗಳ ಗುಡ್ಡೆಯ ಬುಡದಲ್ಲಿದೆ. ಮೂರು ಗಂಟೆಗೆ ಬಿಸಿಲು ಹೋಗುತ್ತದೆ. ಆ ವರ್ಷ ಅವರ ಮನೆಯಲ್ಲಿ ಮದುವೆ. ಮಗುಚಲು ಜನ ಇರಲಿಲ್ಲ."

"ಬಿಸಿಲು ಚೆನ್ನಾಗಿರುವ ಅಂಗಳದಿಂದ ಅದೇ ಅಡಿಕೆ ಬಂದಿದ್ದರೆ ಅಣ್ಣ?"

"ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಿದ್ದೆ."

ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದೆ. ಬೇರೆ ಲಾಟುಗಳ ಕಥೆಗಳಲ್ಲೂ ಇದೇ ಎಳೆ ಸಿಕ್ಕಿತು. ಯಾರ ಮನೆಯಲ್ಲಿ ಪ್ಲಾಸ್ಟಿಕ್ ಹಾಳೆಯ ಸೋಲಾರ್ ಗೂಡು ಇದೆ, ಯಾರು ಅಡಿಕೆ ಬಿದ್ದ ದಿನವೇ ಹೆಕ್ಕಿಸುತ್ತಾರೆ, ಯಾರು ಹಳೆಯ ದಾಸ್ತಾನನ್ನು ಮಳೆಗಾಲದಲ್ಲಿ ಎಲ್ಲಿ ಇಡುತ್ತಾರೆ, ಯಾರ ತೋಟ ಈಗ ಮಗನ ಕೈಗೆ ಬಂದಿದೆ. ಅಡಿಕೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಅವರ ತಲೆಯಲ್ಲಿ ಅರ್ಧ ಅಂದಾಜು ಮುಗಿದಿರುತ್ತಿತ್ತು. ಕಣ್ಣು, ಕಿವಿ, ಅಡಕತ್ತರಿಗಳು ಆ ಅಂದಾಜನ್ನು ಪರೀಕ್ಷಿಸುತ್ತಿದ್ದವು. ನಾವೆಲ್ಲ ಅವರ ಕಣ್ಣನ್ನು ಹೊಗಳುತ್ತಿದ್ದೆವು. ಅವರ ನಿಜವಾದ ಬಂಡವಾಳ ಬದಿಯಡ್ಕದ ಸುತ್ತಲಿನ ಅಂಗಳಗಳ ನಕ್ಷೆ.

ಇದು ಗೊತ್ತಾದ ಕೂಡಲೇ ಶಾಖೆಯ ಪ್ರಶ್ನೆ ಬೇರೆ ರೂಪ ತಾಳಿತು. ಮುಳ್ಳೇರಿಯದಲ್ಲಿ ಅಂಗಡಿಗೆ ಜಾಗ ಸಿಗುತ್ತದೆ, ತಕ್ಕಡಿ ಸಿಗುತ್ತದೆ, ಬ್ಯಾಂಕಿನ ಸಾಲವೂ ಸಿಗುತ್ತದೆ. ಹುಡುಗರಿಗೆ ದರ್ಜೆ ನೋಡಲು ಕಲಿಸಲೂ ಆಗುತ್ತದೆ. ಆ ಕಡೆಯ ಅಂಗಳಗಳು ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಣ್ಣನಿಗೂ. ಮನೆಯ ಮಾತುಕತೆಯಲ್ಲಿ ಅಲ್ಲಿಯವರೆಗೆ ಇದ್ದದ್ದು ಎರಡೇ ಆಯ್ಕೆ: ತೆರೆಯುವುದು, ಬಿಡುವುದು. ಕ್ಯಾಥ್ಲೀನ್ ಐಸೆನ್‌ಹಾರ್ಟ್ 1989ರಲ್ಲಿ ಕಂಪ್ಯೂಟರ್ ಕಂಪನಿಗಳ ಅಧ್ಯಯನದಲ್ಲಿ ತೋರಿಸಿದ ಸಂಗತಿಯೊಂದು ನನ್ನನ್ನು ಹಿಡಿದಿಟ್ಟಿತ್ತು. ವೇಗವಾಗಿ ನಿರ್ಧರಿಸುವ ತಂಡಗಳು ನಿಧಾನದ ತಂಡಗಳಿಗಿಂತ ಹೆಚ್ಚು ಮಾಹಿತಿಯನ್ನೂ ಹೆಚ್ಚು ಪರ್ಯಾಯಗಳನ್ನೂ ಒಟ್ಟಿಗೆ ಮುಂದಿಟ್ಟುಕೊಳ್ಳುತ್ತಿದ್ದವು. ನಾನು ಅಪ್ಪ, ಚಿಕ್ಕಪ್ಪ, ಅಣ್ಣ, ಹುಡುಗರು ಎಲ್ಲರನ್ನೂ ಕೂರಿಸಿ ಇನ್ನೂ ಎರಡು ಪರ್ಯಾಯ ಸೇರಿಸಿದೆ. ಒಂದು, ಅಂಗಡಿ ತೆರೆಯದೆ ಒಂದು ಹಂಗಾಮು ಪೂರ್ತಿ ಆ ಕಡೆಯ ಮನೆಗಳಿಗೆ ಹೋಗಿ ಅಂಗಳದಿಂದಲೇ ಖರೀದಿಸುವುದು. ಇನ್ನೊಂದು, ಆ ಹಣವನ್ನು ಪೆರ್ಲದ ಗೋದಾಮಿಗೆ ಹಾಕುವುದು. ನಂತರ ಕ್ಲೈನ್ ಅವರದೇ ಇನ್ನೊಂದು ಉಪಾಯವನ್ನು ಬಳಸಿದೆವು. ಶಾಖೆ ತೆರೆದು ಒಂದು ವರ್ಷಕ್ಕೆ ಮುಚ್ಚಿಹೋಗಿದೆ ಎಂದೇ ಭಾವಿಸಿ, ಯಾಕೆ ಮುಚ್ಚಿತು ಎಂದು ಪ್ರತಿಯೊಬ್ಬರೂ ಬರೆಯಬೇಕು. ಯಾರ ಮಾತಿಗೂ ಎದುರಾಡದ ನಮ್ಮ ಮನೆಯಲ್ಲಿ ಇದು ತುಂಬ ಕೆಲಸ ಮಾಡಿತು. ಯೋಜನೆಯನ್ನು ಟೀಕಿಸಿದರೆ ಹಿರಿಯರಿಗೆ ಎದುರು ಹೇಳಿದಂತಾಗುತ್ತದೆ. ಮುಚ್ಚಿಹೋಗಿದೆ ಎಂದುಕೊಂಡು ಕಾರಣ ಹುಡುಕುವಾಗ ಆ ಸಂಕೋಚ ಇರುವುದಿಲ್ಲ. ಕಿರಿಯ ಹುಡುಗನ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಬೇರೆ ಅಂಗಡಿಗಳು ಬೇಡವೆಂದ ಅಡಿಕೆ ಮಾತ್ರ ನಮಗೆ ಬಂತು. ಚಿಕ್ಕಪ್ಪ ಅದನ್ನು ಎರಡು ಸಲ ಓದಿದರು. ಮನೆಮನೆಯ ಖರೀದಿಯನ್ನೇ ಆರಿಸಿಕೊಂಡೆವು.

ದಾಸ್ತಾನು ಇಟ್ಟುಕೊಳ್ಳುವುದೆ, ಮಾರುವುದೆ ಎಂಬ ವಾರವಾರದ ನಿರ್ಧಾರಕ್ಕೂ ಒಂದು ಪುಸ್ತಕ ಇಟ್ಟೆವು. ಇಂದಿನ ದರ, ನಮ್ಮ ನಿರ್ಧಾರ, ಕಾರಣ, ಯಾವುದು ನಡೆದರೆ ಮನಸ್ಸು ಬದಲಿಸುತ್ತೇವೆ, ಇಷ್ಟೇ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಂಥ ಸುದ್ದಿ ಬಂದಾಗ ಪೇಟೆಯಲ್ಲಿ ಎಲ್ಲರೂ ನನಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಫಲಿತಾಂಶ ತಿಳಿದ ಮೇಲೆ ಹಿಂದಿನ ಅನಿಶ್ಚಿತತೆ ಮನಸ್ಸಿನಿಂದ ಅಳಿಸಿಹೋಗುತ್ತದೆ ಎಂಬುದನ್ನು ಬರೂಕ್ ಫಿಶ್‌ಹಾಫ್ 1975ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಬರೆದಿಟ್ಟ ಪುಸ್ತಕ ಹಾಗೆ ಅಳಿಯಲು ಬಿಡುವುದಿಲ್ಲ. ಹುಡುಗರು ಕಲಿಯಬೇಕಾದದ್ದು ಆ ದಿನ ಹಿರಿಯರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದನ್ನು. ಅದು ಪುಸ್ತಕದಲ್ಲಿದೆ.

ಅಂಗಳಗಳ ವಿವರಕ್ಕೆ ಬರವಣಿಗೆ ಹೊಂದಲಿಲ್ಲ. ಅಣ್ಣ ಓದಿದ್ದು ಕನ್ನಡ ಶಾಲೆಯಲ್ಲಿ, ಹುಡುಗರಲ್ಲಿ ಒಬ್ಬ ಮಲಯಾಳ ಮಾಧ್ಯಮದವನು, ಕೃಷಿಕರಲ್ಲಿ ಹಲವರ ಮಾತು ತುಳು. ಆದ್ದರಿಂದ ಪ್ರತಿ ಮನೆಗೆ ಒಂದು ಫೋಟೊ, ಅಣ್ಣನ ಧ್ವನಿಯಲ್ಲಿ ಒಂದೆರಡು ನಿಮಿಷದ ಮಾತು, ಕೊನೆಯ ಲಾಟುಗಳ ದರ್ಜೆ, ಇಷ್ಟನ್ನು ಅಂಗಡಿಯ ಮೊಬೈಲಿನಲ್ಲಿ ಇಟ್ಟಿದ್ದೇವೆ. ಕೃಷಿಕರ ಮನೆಯ ಸಂಗತಿಗಳು ಅದರಲ್ಲಿ ಇರಬಾರದೆಂದು ಅಣ್ಣ ಹಟ ಹಿಡಿದರು. ಬಿಸಿಲು, ನೆಲ, ಗೂಡು ಇವಿಷ್ಟೇ ಇರಲಿ, ಮದುವೆ, ಜಗಳ, ಸಾಲ ಬೇಡ. ಅವರು ಹೇಳಿದ್ದು ಸರಿ. ಜನ ನಂಬಿ ಹೇಳಿಕೊಂಡದ್ದು ಅಂಗಡಿಯ ಆಸ್ತಿಯಾಗಬಾರದು.

ಕಲಿತದ್ದು ಹಾಗೆಯೇ ಉಳಿಯುವುದೂ ಇಲ್ಲ. ಡಾರ್, ಆರ್ಗೋಟ್, ಎಪಲ್ ಎಂಬ ಮೂವರು 1995ರಲ್ಲಿ ಪಿಜ್ಜಾ ಅಂಗಡಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಕೆಲಸದ ತಿಳಿವಳಿಕೆ ಬೇಗನೆ ಸವೆಯುತ್ತದೆ, ಒಬ್ಬನೇ ಮಾಲೀಕನ ಅಂಗಡಿಗಳ ನಡುವೆ ಮಾತ್ರ ಅದು ದಾಟುತ್ತದೆ ಎಂದು ಕಂಡುಬಂತು. ನಮ್ಮಲ್ಲಿ ಮಳೆಗಾಲದಲ್ಲಿ ಲಾಟು ಬರುವುದು ಕಡಿಮೆ, ಕಣ್ಣು ಮಂದವಾಗುವ ಕಾಲ ಅದು. ಹಂಗಾಮಿಗೆ ಮುಂಚೆ ಚೀಟಿಯ ಅಭ್ಯಾಸವನ್ನು ಮತ್ತೆ ಹಿಡಿಯುತ್ತೇವೆ, ಪೆರ್ಲದ ಹುಡುಗನನ್ನು ಬದಿಯಡ್ಕಕ್ಕೂ ಇಲ್ಲಿಯವನನ್ನು ಅಲ್ಲಿಗೂ ಕೆಲವು ದಿನ ಬದಲಾಯಿಸುತ್ತೇವೆ. ಅಣ್ಣ ಈಗ ಬೆಳಿಗ್ಗೆ ಮಾತ್ರ ಬರುತ್ತಾರೆ. ಹುಡುಗರ ಚೀಟಿಗೂ ಅವರ ಚೀಟಿಗೂ ವ್ಯತ್ಯಾಸ ಬರುವುದು ಮಳೆ ತಾಗಿದ ಲಾಟುಗಳಲ್ಲಿ ಮತ್ತು ಹಳೆಯ ಅಡಿಕೆಯಲ್ಲಿ, ಉಳಿದವುಗಳಲ್ಲಿ ಅಪರೂಪ.

ದಾಟದೆ ಉಳಿದಿರುವುದು ಚೌಕಾಸಿ. ಕಡಿಮೆ ದರ ಹೇಳಿಯೂ ಕೃಷಿಕರು ಬೇಸರಪಡದೆ ಮತ್ತೆ ಬರುವಂತೆ ಮಾತನಾಡುವುದು ಅಣ್ಣನಿಗೆ ಬರುತ್ತದೆ, ಹುಡುಗರಿಗೆ ಇನ್ನೂ ಇಲ್ಲ, ನನಗೂ ಇಲ್ಲ. ಸಂದರ್ಶನದಿಂದ ಅದು ಹೊರಬರಲಿಲ್ಲ. ಆದ್ದರಿಂದ ಅಣ್ಣ ಬರುವ ಹೊತ್ತಿನಲ್ಲಿ ಹುಡುಗರೇ ದರ ಹೇಳಬೇಕು, ಅಣ್ಣ ಪಕ್ಕದಲ್ಲಿ ಕುಳಿತು ಕೇಳಬೇಕು ಎಂದು ಮಾಡಿದ್ದೇವೆ. ಕಾಳುಮೆಣಸಿನ ಖರೀದಿಯನ್ನೂ ಈ ವರ್ಷ ಹುಡುಗರಿಗೇ ಒಪ್ಪಿಸಿದ್ದೇನೆ. ಅಲ್ಲಿ ಲೀಟರ್ ತೂಕ, ಅಂದರೆ ಒಂದು ಲೀಟರ್ ಮೆಣಸು ಎಷ್ಟು ತೂಗುತ್ತದೆ ಎಂದು ನೋಡಬಹುದು, ತೇವಾಂಶಕ್ಕೆ ಮೀಟರ್ ಇದೆ. ಬರೆದು ಕಲಿಸಬಹುದಾದ ಪಾಲು ಅದರಲ್ಲಿ ಹೆಚ್ಚು, ಹಾಗಾಗಿ ಅಲ್ಲಿ ಚೀಟಿಗಿಂತ ಮೊದಲು ಅಳತೆಯ ಪಟ್ಟಿಯಿಂದಲೇ ಶುರುಮಾಡಿದ್ದೇವೆ.