ಡಿಸ್ಚಾರ್ಜ್ ಸಮ್ಮರಿಯ 'ಇಲ್ಲ' ಮತ್ತು 'ಇರಬಹುದು'

ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಗಳಿಂದ ನಾಲೆಜ್ ಗ್ರಾಫ್ (ಮಾಹಿತಿಯನ್ನು ನೋಡ್ ಎಂಬ ಬಿಂದುಗಳು ಮತ್ತು ಅವನ್ನು ಜೋಡಿಸುವ ಗೆರೆಗಳಾಗಿ ಇಡುವ ಜಾಲ) ಕಟ್ಟುವುದು ನನ್ನ ಕೆಲಸ. ವೈದ್ಯರು ಬರೆಯುವುದು ಹೀಗೆ: 'ಕೆ/ಸಿ/ಓ ಡಯಾಬಿಟಿಸ್, ನೋ ಹೈಪರ್‌ಟೆನ್ಷನ್, ಫಾದರ್ ಹ್ಯಾಡ್ ಎಂಐ, ? ಡೆಂಗಿ'. ಕೆ/ಸಿ/ಓ ಎಂದರೆ ಈಗಾಗಲೇ ಗೊತ್ತಿರುವ ಕಾಯಿಲೆ, ಎಂಐ ಎಂದರೆ ಹೃದಯಾಘಾತ, '?' ಎಂದರೆ ಅನುಮಾನ. ಕಾಯಿಲೆಯ ಹೆಸರು ನಾಲ್ಕು, ರೋಗಿಗೆ ಖಚಿತವಾಗಿ ಇರುವುದು ಒಂದು. ಹೆಸರು ಸಿಕ್ಕ ಕೂಡಲೇ ರೋಗಿಯಿಂದ ಕಾಯಿಲೆಗೆ ನೇರ ಗೆರೆ ಎಳೆದರೆ ಅಪ್ಪನ ಹೃದಯಾಘಾತವೂ ಮಗನ ತಲೆಗೆ ಬರುತ್ತದೆ.

ಅದಕ್ಕೇ ರೋಗಿ ಮತ್ತು ಕಾಯಿಲೆಯ ನಡುವೆ 'ಹೇಳಿಕೆ' ಎಂಬ ನೋಡ್ ಇಟ್ಟೆ. ಯಾರಿಗೆ, ಯಾವಾಗ, ಇದೆಯೋ ಇಲ್ಲವೋ, ಎಷ್ಟು ಖಚಿತ, ಬರೆದವರು ಯಾರು, ಎಲ್ಲವೂ ಅದರ ಮೇಲೆ. ಇದೇನೂ ನನ್ನ ಶೋಧವಲ್ಲ. ವೈದ್ಯಕೀಯ ಪದಗಳ ಅಂತರರಾಷ್ಟ್ರೀಯ ಕೋಶವಾದ ಸ್ನೋಮೆಡ್ ಸಿಟಿಯಲ್ಲಿ ಸಂದರ್ಭಸಹಿತ ಸ್ಥಿತಿಗಳಿಗೆಂದೇ ಒಂದು ವರ್ಗವಿದೆ. ಪಠ್ಯದಿಂದ ಈ ವಿವರ ಹೆಕ್ಕಲು 2001ರ ನೆಗ್‌ಎಕ್ಸ್, 2009ರ ಕಾನ್‌ಟೆಕ್ಸ್ಟ್ ಅಲ್ಗಾರಿದಮ್‌ಗಳ ಜಾಡು ಹಿಡಿದೆ. 'ನೋ', 'ಡಿನೈಸ್' ಥರದ ಸುಳಿವು ಪದ ಹುಡುಕಿ, ಅದರ ಪ್ರಭಾವ ಎಲ್ಲಿಯವರೆಗೆಂದು ಗುರುತಿಸುವುದು. ಹಳೆಯ ವಿಧಾನ, ಆದರೆ ಯಾಕೆ ಹಾಗೆ ತೀರ್ಮಾನಿಸಿತು ಎಂದು ವೈದ್ಯರಿಗೆ ತೋರಿಸಬಹುದು.

ತಲೆ ತಿಂದದ್ದು ನಿಷೇಧ, ಅಂದರೆ 'ಇಲ್ಲ' ಎನ್ನುವ ಹೇಳಿಕೆ. 'ಟೈಪ್ 2 ಡಯಾಬಿಟಿಸ್ ಇದೆ' ಎಂದರೆ ಡಯಾಬಿಟಿಸ್ ಇದೆ ಎಂದಾಯಿತು. ತೀರ್ಮಾನ ಮೇಲಕ್ಕೆ ಹತ್ತುತ್ತದೆ. 'ಇಲ್ಲ' ಸೇರಿದರೆ ದಿಕ್ಕೇ ತಿರುಗುತ್ತದೆ. ಡಯಾಬಿಟಿಸ್ ಇಲ್ಲದವನಿಗೆ ಟೈಪ್ 2 ಕೂಡ ಇಲ್ಲ, ಆದರೆ ಟೈಪ್ 2 ಇಲ್ಲದವನಿಗೆ ಟೈಪ್ 1 ಇರಬಹುದಲ್ಲ! ಸ್ನೋಮೆಡ್‌ನ ತರ್ಕ ಇಎಲ್ ಎಂಬ ಸರಳ ತರ್ಕಭಾಷೆಗಳ ಕುಟುಂಬದ್ದು, ಅದರಲ್ಲಿ ನಿಷೇಧಕ್ಕೆ ಜಾಗವೇ ಇಲ್ಲ. 'ಇಲ್ಲ' ಎನ್ನುವುದು ಅದರ ಪಾಲಿಗೆ ಇನ್ನೊಂದು ಗುಣ ಅಷ್ಟೆ. ಹಾಗಾಗಿ 'ಟೈಪ್ 2 ಇಲ್ಲ' ಎಂಬುದನ್ನು ತೆಗೆದುಕೊಂಡು ಹೋಗಿ 'ಡಯಾಬಿಟಿಸ್ ಇಲ್ಲ' ಎಂಬುದರ ಕೆಳಗೆ ಕೂರಿಸುತ್ತದೆ, ಅಂದರೆ ಟೈಪ್ 2 ಇಲ್ಲದವನಿಗೆ ಡಯಾಬಿಟಿಸ್ಸೇ ಇಲ್ಲ ಎಂದುಬಿಡುತ್ತದೆ. ಲಕ್ಷಗಟ್ಟಲೆ ಪರಿಕಲ್ಪನೆಗಳನ್ನು ಬೇಗ ವರ್ಗೀಕರಿಸಲು ತೆತ್ತ ಬೆಲೆ ಇದು. ನಾನು 'ಇಲ್ಲ' ಹೇಳಿಕೆಗಳನ್ನು ರೀಸನರ್ (ತರ್ಕದಿಂದ ತೀರ್ಮಾನ ತೆಗೆಯುವ ತಂತ್ರಾಂಶ) ಕೈಗೆ ಕೊಡುವುದೇ ಇಲ್ಲ. 'ಇದೆಯೇ' ಎಂಬ ಪ್ರಶ್ನೆಗೆ ಕ್ವೆರಿ ಆ ಕಾಯಿಲೆಯ ಉಪಭೇದಗಳಲ್ಲಿ ಹುಡುಕುತ್ತದೆ. 'ಇಲ್ಲವೆಂದು ದಾಖಲಾಗಿದೆಯೇ' ಎಂದರೆ ಮೇಲಿನ ವರ್ಗಗಳಲ್ಲಿ.

ದಾಖಲೆಯೇ ಇಲ್ಲದಿದ್ದರೆ ಉತ್ತರ 'ಗೊತ್ತಿಲ್ಲ'. ಎಸ್‌ಕ್ಯೂಎಲ್‌ನಂಥ ಡೇಟಾಬೇಸ್ ಭಾಷೆಯಲ್ಲಿ ಪಳಗಿದವರಿಗೆ ಸಾಲು ಸಿಗದಿದ್ದರೆ 'ಇಲ್ಲ' ಅಂದುಬಿಡುವ ಅಭ್ಯಾಸ. ಅಲರ್ಜಿ ವಿಷಯದಲ್ಲಿ ಅದು ಅಪಾಯ: ಖಾಲಿ ಪಟ್ಟಿ ಎಂದರೆ ಯಾರೂ ಕೇಳದೆಯೂ ಇರಬಹುದು. ಕೇಳಿ, ಇಲ್ಲವೆಂದು ತಿಳಿದಿದ್ದರೆ 'ನೋ ನೋನ್ ಅಲರ್ಜಿ' ಎಂಬ ಬೇರೆಯದೇ ಕೋಡ್ ಹಾಕಬೇಕು.

ಸಂಭಾವ್ಯತೆಗೆ ಶೇಕಡಾವಾರು ಅಂಕಿ ಕೊಡೋಣ ಎಂಬ ಸಲಹೆ ಬಂತು, ಒಪ್ಪಲಿಲ್ಲ. ವೈದ್ಯರು '?' ಹಾಕುವಾಗ ಮನಸ್ಸಿನಲ್ಲಿ 60 ಎಂದೇನೂ ಇರುವುದಿಲ್ಲ. ಆರೋಗ್ಯ ದಾಖಲೆ ವಿನಿಮಯದ ಫೈರ್ ಮಾನದಂಡದ ಪ್ರೊವಿಷನಲ್ (ತಾತ್ಕಾಲಿಕ), ಡಿಫರೆನ್ಷಿಯಲ್ (ಹಲವು ಸಾಧ್ಯತೆಗಳಲ್ಲೊಂದು), ಕನ್‌ಫರ್ಮ್ಡ್, ರೆಫ್ಯೂಟೆಡ್ (ತಳ್ಳಿಹಾಕಿದ್ದು) ಎಂಬ ಸ್ಥಿತಿಗಳೇ ಸಾಕಾದವು. ಡೆಂಗಿ ಅಥವಾ ಚಿಕುನ್‌ಗುನ್ಯಾ ಎಂದಿದ್ದರೆ ಎರಡು ಡಿಫರೆನ್ಷಿಯಲ್ ಹೇಳಿಕೆ, ಒಂದೇ ಗುಂಪು ಸಂಖ್ಯೆ. 'ಆರ್/ಓ ಡೆಂಗಿ' (ಆರ್/ಓ ಎಂದರೆ 'ರೂಲ್ ಔಟ್') ಮಾತ್ರ ಮನುಷ್ಯರ ಕಣ್ಣಿಗೇ ಹೋಗುತ್ತದೆ: ಪರೀಕ್ಷಿಸಬೇಕು ಎಂದೋ, ಪರೀಕ್ಷಿಸಿ ತಳ್ಳಿಹಾಕಿದ್ದಾಯಿತು ಎಂದೋ, ಬರೆದವರಿಗೇ ಗೊತ್ತು. ಎನ್‌ಎಸ್1 (ಡೆಂಗಿಯ ರಕ್ತಪರೀಕ್ಷೆ) ನೆಗೆಟಿವ್ ಇದೆಯೆಂದು ತಾನಾಗಿ ರೆಫ್ಯೂಟೆಡ್‌ಗೆ ಬದಲಾಯಿಸುವ ನಿಯಮವನ್ನೂ ಬರೆದಿಲ್ಲ. ಜ್ವರ ಬಂದು ವಾರ ಕಳೆದಿದ್ದರೆ ಡೆಂಗಿ ಇದ್ದರೂ ಅದು ನೆಗೆಟಿವ್ ಬರಬಹುದು.