‘ಹಾಲು ಸುರಿಯುವವಳು’: ಕೈಕೆಲಸದಿಂದ ಚಿತ್ರ ಓದಿಸಿದ ಬಗೆ

ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಈ ಚಿತ್ರವನ್ನು ಸಂಕೇತಗಳ ಪಟ್ಟಿ ಹಿಡಿಯದೆ ಓದಿಸುತ್ತೇನೆ ಅಂದಾಗ ನಮ್ಮ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಗೋಡೆಯ ಬುಡದ ಟೈಲ್ಸ್ ಮೇಲೆ ರೋಮನ್ನರ ಪ್ರೇಮದೇವತೆ ಕ್ಯುಪಿಡ್, ಅದರ ಮುಂದೆ ಕಾಲು ಕಾಯಿಸುವ ಪೆಟ್ಟಿಗೆ. ಪ್ರೇಮದ ಚಿತ್ರ, ಇನ್ನೇನಿದೆ ಓದೋಕೆ ಅಂದರು. ಮೊದಲು ಹಾಲು ಸುರಿಯುವವಳ ಕೈ ನೋಡಿ, ಆಮೇಲೆ ಕ್ಯುಪಿಡ್ ಅಂತ ನನ್ನ ಹಟ.

ಪ್ರೊಜೆಕ್ಟರ್ ಕೈಕೊಟ್ಟಿತು. ಗೋಡೆ ತುಂಬಾ ಬಿದ್ದ ಚಿತ್ರದ ಮೂಲ ಬರೀ 45 ಸೆಂ.ಮೀ. ಎತ್ತರದ್ದು ಅನ್ನುವುದೇ ಯಾರಿಗೂ ನೆನಪಿರಲಿಲ್ಲ. ಸರಿ, ಅದೇ ಅಳತೆಗೆ ಪ್ರಿಂಟ್ ಹಾಕಿಸಿದೆ. ಮೊದಲ ಅಂಗಡಿಯಿಂದ ಬಂದದ್ದರಲ್ಲಿ ಬಿಳಿ ಗೋಡೆಯೂ ಅರಿಶಿನ ಬಳಿದಂತಿತ್ತು. ಎಂಟುನೂರು ರೂಪಾಯಿ ನೀರುಪಾಲು. ಮ್ಯಾಟ್ ಕಾಗದ, ಮತ್ತೆರಡು ಪ್ರಿಂಟ್ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಹೋಯಿತು. ಮೂಲ ಚಿತ್ರ ಇರುವ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ದೊಡ್ಡ ಫೈಲನ್ನೇ ಪುಕ್ಕಟೆ ಕೊಡುತ್ತದೆ, ಅಷ್ಟು ಉಳಿತಾಯ.

ಪ್ರಿಂಟಿಗೆ ಕಪ್ಪು ಕಾಗದ ಮುಚ್ಚಿ ಹಾಲಿನ ಧಾರೆಯೊಂದನ್ನೇ ಬಿಟ್ಟೆ. ಕಾಗದಗಳನ್ನು ಯಾವ ಕ್ರಮದಲ್ಲಿ ತೆಗೆಯುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ. ಧಾರೆ ನೂಲಿನಷ್ಟು ಸಣ್ಣ. ಮಣ್ಣಿನ ಹೂಜಿಗೆ ಹಾಲು ತುಂಬಿ ಬಂದವರ ಕೈಗೇ ಕೊಟ್ಟೆ. ಅಷ್ಟು ಸಣ್ಣಗೆ ಬೀಳಬೇಕಾದರೆ ಒಂದು ಕೈ ಹಿಡಿಯಲ್ಲಿ, ಇನ್ನೊಂದು ಅಡಿಯಲ್ಲಿ ಇರಲೇಬೇಕು. ಚಿತ್ರದಲ್ಲೂ ಹಾಗೇ ಇದೆ. ಮೇಜಿನ ಮೇಲಿನ ಬ್ರೆಡ್ ಚೂರುಗಳನ್ನು ತೆರೆದದ್ದೇ ತಡ, ಅಡುಗೆ ಕೆಲಸ ಮಾಡುವ ಅಕ್ಕ ಒಬ್ಬರು, ‘ಇದು ಕುಡಿಯೋಕಲ್ಲ ಸಾರ್, ಒಣಗಿದ್ದನ್ನ ನೆನೆಹಾಕ್ತಿದಾಳೆ. ಹಾಲು ಜಾಸ್ತಿ ಆದ್ರೆ ಕೆಟ್ಟೋಗುತ್ತೆ’ ಅಂದರು. ಬ್ರೆಡ್ ಪುಡಿಂಗ್ ಅನ್ನುವ ವ್ಯಾಖ್ಯಾನ ವಿದ್ವಾಂಸರಲ್ಲೂ ಇದೆ. ನಮ್ಮವರು ಪುಸ್ತಕ ಮುಟ್ಟದೆ ಅಲ್ಲಿಗೆ ತಲುಪಿದರು!

ಕೊನೆಗೆ ಗೋಡೆ. 2022ರಲ್ಲಿ ಮ್ಯೂಸಿಯಂನವರು ಬಣ್ಣದ ಅಡಿಯಲ್ಲಿ ಹೂಜಿ ತೂಗುಹಾಕುವ ಹಲಗೆಯನ್ನೂ ಕೆಂಡ ಇಡುವ ಬೆಂಕಿಬುಟ್ಟಿಯನ್ನೂ ಕಂಡುಹಿಡಿದರು. ವರ್ಮೀರ್ ಎರಡನ್ನೂ ಅಳಿಸಿ, ಮೊಳೆಯನ್ನೂ ಅದರ ನೆರಳನ್ನೂ ಉಳಿಸಿದ. ಅಷ್ಟು ತೆಗೆದ ಮೇಲೆ ಕಣ್ಣು ಹೋಗುವುದು ಆ ಧಾರೆಗೇ. ಕ್ಯುಪಿಡ್ ಇದ್ದಾನೆ, ಆದರೆ ಮೂಲೆಯಲ್ಲಿ. ಆವತ್ತು ತಲೆ ಅಲ್ಲಾಡಿಸಿದವರೇ ಈಗ ಪ್ರಿಂಟ್ ಎರವಲು ಕೇಳುತ್ತಾರೆ.

ಇದೇ ಉಪಾಯವನ್ನು ವರ್ಮೀರ್‌ನ ಕಾಲದವನೇ ಆದ ಡಚ್ ಚಿತ್ರಕಾರ ಡೆ ಹೋಖ್‌ನ 1658ರ ಡೆಲ್ಫ್ಟ್ ಊರಿನ ಅಂಗಳದ ಚಿತ್ರಕ್ಕೂ ಹಚ್ಚಿ ನೋಡಿದೆ. ಅರ್ಧ ಮಾತ್ರ ಫಲಿಸಿತು. ಅಲ್ಲಿ ಹೆಂಗಸು ಮಗುವಿನ ಕೈ ಹಿಡಿದು ನಿಂತಿದ್ದಾಳೆ, ಮಾಡಿ ನೋಡುವಂಥ ಕೆಲಸವಿಲ್ಲ. ಮುಂದಿನ ಸಲ ಜನರನ್ನೆಲ್ಲ ಮುಚ್ಚಿ, ನೆಲದ ಇಟ್ಟಿಗೆಯಿಂದ ಶುರುಮಾಡುತ್ತೇನೆ.